ಸತ್ತ ಮೇಲೂ ಡ್ಯೂಟಿ ಮುಗಿಯದ ವೀರರು

ಮಂಗಳೂರಿಗೆ ಹೋದವರು ಕಡಲು, ಕೋರಿರೊಟ್ಟಿ, ಐಸ್‌ಕ್ರೀಮಿನ ಬಗ್ಗೆ ಬರೆಯುತ್ತಾರೆ. ನಾನೂ ಅದನ್ನೆಲ್ಲ ಬಿಡಲಿಲ್ಲ. ಆದರೆ ಈ ಸಲ ಹೋಗಿದ್ದು ಗರಡಿ ನೇಮ ನೋಡಲು, ಅಂದರೆ ದೈವವಾದ ವೀರರ ಗುಡಿಯಲ್ಲಿ ನಡೆಯುವ ಆರಾಧನೆ ನೋಡಲು. ಮೇ ಕೊನೆಯ ಪತ್ತನಾಜೆ ಬರುವವರೆಗೂ ತುಳುನಾಡಿನಲ್ಲಿ ಕೋಲ, ನೇಮಗಳದ್ದೇ ಸೀಸನ್. ಸ್ನೇಹಿತನೊಬ್ಬ ತನ್ನೂರಿನ ಗರಡಿಯ ಆಮಂತ್ರಣ ಪತ್ರಿಕೆಯನ್ನು ವಾಟ್ಸಾಪ್ ಮಾಡಿದ್ದ. ‘ರಾತ್ರಿ ಬೈದರ್ಕಳು ಗರಡಿ ಇಳಿಯುವುದು, ನಂತರ ಮಾಯಂದಾಲ್ ಗರಡಿ ಇಳಿಯುವುದು, ಬೆಳಗಿನ ಜಾವ ಬೈದರ್ಕಳ ಸೇಟು’ ಅಂತ ಟೈಮ್ ಸಮೇತ ಪ್ರಿಂಟಾಗಿತ್ತು. ಬೈದರ್ಕಳು ಅಂದರೆ ಕೋಟಿ ಚೆನ್ನಯರೆಂಬ ಅವಳಿ ವೀರರು, ಮಾಯಂದಾಲ್ ಗರಡಿಯ ಹೆಣ್ಣು ದೈವ, ಸೇಟು ನೇಮದ ಕೊನೆಯ ಭಾಗ. ನೂರಾರು ವರ್ಷಗಳ ಹಿಂದೆ ಸತ್ತವರು ಇಂದು ರಾತ್ರಿ ಇಷ್ಟು ಗಂಟೆಗೆ ಬರುತ್ತಾರೆ ಅಂತ ಬಸ್ ಟೈಮಿನ ಹಾಗೆ ಬರೆದಿದ್ದಾರಲ್ಲ, ಅದು ನನಗೆ ತುಂಬಾ ಹಿಡಿಸಿತು.

ಶಿರಾಡಿ ಘಾಟಿ ಇಳಿದು ಬೆಳಗ್ಗೆ ಊರು ಸೇರಿದೆ. ರಾತ್ರಿಯವರೆಗೆ ಟೈಮಿತ್ತು. ಬಾವುಟಗುಡ್ಡೆಗೆ ಹೋದೆ. ಅಲ್ಲಿ ಠಾಗೋರ್ ಪಾರ್ಕಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಇದೆ. 2022ರ ನವೆಂಬರಿನಲ್ಲಿ ಅನಾವರಣ ಆದದ್ದು. 1837ರ ಏಪ್ರಿಲ್‌ನಲ್ಲಿ ಅವರೂ ಮುಂದಾಳಾಗಿದ್ದ, ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ನುಗ್ಗಿ, ಇದೇ ಗುಡ್ಡೆಯ ಮೇಲಿದ್ದ ಈಸ್ಟ್ ಇಂಡಿಯಾ ಕಂಪನಿ ಬಾವುಟ ಇಳಿಸಿ ತಮ್ಮದನ್ನು ಹಾರಿಸಿತು. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಸೈನ್ಯ ಬಂತು, ಮುಂದಾಳುಗಳು ಸಿಕ್ಕಿಬಿದ್ದರು. ಕಲ್ಯಾಣಸ್ವಾಮಿ ಹೆಸರಿನಲ್ಲಿ ದಂಡು ನಡೆಸಿದ ಪುಟ್ಟಬಸಪ್ಪ, ನಂದಾವರದ ಲಕ್ಷ್ಮಪ್ಪ ಬಂಗರಸ ಇವರನ್ನೆಲ್ಲ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಬಿಕರ್ನಕಟ್ಟೆಗೂ ಹೋಗಿ ನಿಂತೆ. ನಾನು ನಿಂತ ಕಡೆ ಕಂಡದ್ದು ಹೆದ್ದಾರಿ, ಸಿಟಿ ಬಸ್ಸಿನ ಹಾರನ್ನು, ಎಳನೀರಿನ ಗಾಡಿ. ಗೆದ್ದ ಗುಡ್ಡೆಗೆ ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ, ಸತ್ತ ಕಟ್ಟೆಗೆ ಬರುವುದಿಲ್ಲ. ಆದರೆ ಒಂದು ಯೋಚಿಸಿ. ಆ ಮುಂದಾಳುಗಳು ನೇಣಿಗೆ ಬೀಳದೆ, ಕಂಪನಿ ಜೊತೆ ರಾಜಿ ಮಾಡಿಕೊಂಡು, ಮುದುಕರಾಗಿ ಮನೆಯ ಜಗಲಿಯಲ್ಲಿ ಕೆಮ್ಮುತ್ತಾ ಸತ್ತಿದ್ದರೆ ಇಷ್ಟು ದೊಡ್ಡ ನೆನಪು ಉಳಿಯುತ್ತಿತ್ತಾ? ನನಗೆ ಡೌಟು.

ವಾಪಸ್ ಬರುವಾಗ ಹತ್ತಿದ ಆಟೋದಲ್ಲಿ ಮುಂದಿನ ಗಾಜಿಗೆ ತುಳುನಾಡಿನ ದೈವ ಸ್ವಾಮಿ ಕೊರಗಜ್ಜ, ಹಿಂದೆ ಅಪ್ಪು. ಎಡಕ್ಕೆ ಯೇಸುವಿನ ಪುಟ್ಟ ಸ್ಟಿಕ್ಕರ್ ಕೂಡ ಇತ್ತು, ಹಳೆ ಓನರ್ ಅಂಟಿಸಿದ್ದಂತೆ. ಪುನೀತ್ ರಾಜಕುಮಾರ್ ಬದುಕಿದ್ದಾಗಲೂ ಸ್ಟಾರೇ. ಆದರೆ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ಹೋದ ಮೇಲೆ ಆದದ್ದೇ ಬೇರೆ. ಅವರು ಸುಮ್ನೆ ಮಾಡಿಕೊಂಡು ಬಂದ ದಾನಧರ್ಮ ಎಲ್ಲರ ಬಾಯಿಗೆ ಬಂತು. ಅವರ ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಸಿಕ್ಕಿತು, ಕಣ್ಣು ಬರೆದುಕೊಡಲು ಜನ ಮುಗಿಬಿದ್ದರು. ಅದೇ ವಾರ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತೋರಿಸಲು ಉದ್ದ ಕ್ಯೂ! ಅಪ್ಪುವಿಗೆ ಕೈಮುಗಿದವರೂ ಇಸಿಜಿಗೆ ಓಡಿದವರೂ ಬಹುಶಃ ಒಬ್ಬರೇ. ಅಂಥ ಗಟ್ಟಿಮುಟ್ಟಾದ ಮನುಷ್ಯನೇ ಹೋದ ಅಂದರೆ ನಮ್ಮ ಗತಿ ಏನು ಅಂತ ಎಲ್ಲರಿಗೂ ಒಮ್ಮೆ ಎದೆ ಹಿಡಿದುಕೊಂಡಿತ್ತು, ಅಲ್ವಾ?

ಸಾವಿನ ಭಯಕ್ಕೂ ವೀರಪೂಜೆಗೂ ಇರುವ ಈ ನಂಟಿನ ಬಗ್ಗೆ ಮನಶ್ಶಾಸ್ತ್ರದವರು ಪ್ರಯೋಗ ಮಾಡಿದ್ದಾರೆ. ಅರ್ನೆಸ್ಟ್ ಬೆಕರ್ ಎಂಬ ಅಮೆರಿಕದ ಚಿಂತಕ 1973ರ ಪುಸ್ತಕದಲ್ಲಿ ಬರೆದದ್ದು ಇಷ್ಟು: ಸಾಯುತ್ತೇವೆ ಅಂತ ಮನುಷ್ಯನಿಗೆ ಗೊತ್ತು, ಆ ಭಯ ಮುಚ್ಚಿಕೊಳ್ಳಲು ತನಗಿಂತ ದೊಡ್ಡದೊಂದಕ್ಕೆ ಅಂಟಿಕೊಳ್ಳುತ್ತಾನೆ, ವೀರರನ್ನು ಮಾಡಿಕೊಳ್ಳುತ್ತಾನೆ. ಮಾರನೇ ವರ್ಷವೇ ಅವನು ಕ್ಯಾನ್ಸರಿನಿಂದ ಸತ್ತ. ಎರಡು ತಿಂಗಳ ನಂತರ ಆ ಪುಸ್ತಕಕ್ಕೆ ಪುಲಿಟ್ಜರ್ ಬಂತು. 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಟೂಸಾನ್ ಊರಿನ 22 ನ್ಯಾಯಾಧೀಶರ ಮುಂದೆ ಒಂದು ವೇಶ್ಯಾವಾಟಿಕೆ ಕೇಸಿಟ್ಟು ಜಾಮೀನು ಹೇಳಿ ಅಂದರು. ಅರ್ಧ ಜನರಿಗೆ ಮೊದಲು ‘ನಿಮ್ಮ ಸಾವಿನ ಬಗ್ಗೆ ಬರೆಯಿರಿ’ ಅಂದಿದ್ದರು. ಅವರು ಸರಾಸರಿ 455 ಡಾಲರ್ ಹೇಳಿದರೆ ಉಳಿದವರು 50 ಡಾಲರ್ ಹೇಳಿದರು. ಅಂದರೆ ಸಾವು ನೆನಪಾದವರು ತಪ್ಪು ಮಾಡಿದವಳ ಮೇಲೆ ಇನ್ನಷ್ಟು ಬಿಗಿಯಾದರು. ಇದೇ ಸರಣಿಯ ಇನ್ನೊಂದು ಪ್ರಯೋಗದಲ್ಲಿ, ಸಾವು ನೆನಪಿಸಿಕೊಂಡವರು ಕಳ್ಳನನ್ನು ಹಿಡಿದುಕೊಟ್ಟ ಧೀರೆಗೆ ಜಾಸ್ತಿ ಬಹುಮಾನ ಕೊಡಿ ಅಂದರು. ಇತ್ತೀಚೆಗೆ ಹಲವು ಲ್ಯಾಬ್‌ಗಳು ಸೇರಿ ಇಂಥದೇ ಒಂದು ಪ್ರಯೋಗವನ್ನು ದೊಡ್ಡದಾಗಿ ಮಾಡಿದಾಗ ಫಲಿತಾಂಶ ಸರಿಯಾಗಿ ಬರಲಿಲ್ಲ. ಹಾಗಾಗಿ ಪೂರ್ತಿ ನಂಬಬೇಕಿಲ್ಲ. ಆದರೆ ಆಟೋದ ಹಿಂದಿನ ಅಪ್ಪುವನ್ನು ನೋಡಿದರೆ ಪೂರ್ತಿ ತಳ್ಳಿಹಾಕಲೂ ಆಗುವುದಿಲ್ಲ.

ರಾತ್ರಿ ಗರಡಿ. ತೆಂಗಿನ ತೋಟದ ಮಧ್ಯೆ ಟ್ಯೂಬ್‌ಲೈಟು, ಚುರುಮುರಿ, ಬಲೂನು. ಸ್ನೇಹಿತನ ತಾಯಿ ಕೋಟಿ ಚೆನ್ನಯರ ಕಥೆ ಹೇಳಿದ್ದು ಊಟಕ್ಕೆ ಬಡಿಸುತ್ತಲೇ. ಪಡುಮಲೆಯ ಬಲ್ಲಾಳನ ಪ್ರಾಣ ಉಳಿಸಿದ ದೇಯಿ ಬೈದೆತಿಯ ಅವಳಿ ಮಕ್ಕಳು. ಗದ್ದೆಯ ನೀರಿನ ಜಗಳದಲ್ಲಿ ಬುದ್ಯಂತನನ್ನು ಕೊಂದವರು. ಬಲ್ಲಾಳನ ಹತ್ತಿರ ಹಕ್ಕಿನ ಭೂಮಿ ಕೇಳಿ, ಸಿಗದೆ ಊರು ಬಿಟ್ಟವರು. ಕೊನೆಗೆ ಎಣ್ಮೂರಿನ ಯುದ್ಧದಲ್ಲಿ ಹಿಂದಿನಿಂದ ಬಂದ ಬಾಣ ಕೋಟಿಗೆ ತಾಗಿತು. ಅಣ್ಣ ಹೋದ ಮೇಲೆ ಚೆನ್ನಯ ಕಲ್ಲಿಗೆ ತಲೆ ಚಚ್ಚಿಕೊಂಡು ಸತ್ತ. ‘ತಮ್ಮ ಸ್ವಲ್ಪ ಕೋಪಿಷ್ಠ’ ಅಂತ ಅವರು ಪಕ್ಕದ ಮನೆ ಹುಡುಗನ ಬಗ್ಗೆ ಹೇಳಿದ ಹಾಗೇ ಹೇಳಿದರು. ಕೊಲೆಯನ್ನೂ ಮುಚ್ಚಲಿಲ್ಲ, ಸಿಟ್ಟನ್ನೂ ಮುಚ್ಚಲಿಲ್ಲ. ಅವರ ಕಥೆ ಹಾಡುವ ತುಳು ಪಾಡ್ದನವೂ ಮುಚ್ಚುವುದಿಲ್ಲ.

ಬೈದರ್ಕಳು ಇಳಿದಾಗ ನಾನು ತೀರಾ ಹತ್ತಿರವಿದ್ದೆ. ಬೆವರಿನಲ್ಲಿ ತೊಯ್ದ ಮೈ, ಕೈಯಲ್ಲಿ ಸುರಿಯ ಎಂಬ ಕಿರುಗತ್ತಿ. ಅದರ ಅಲಗನ್ನು ಎದೆಗೆ ಒತ್ತಿದಾಗ ಚರ್ಮ ಒಳಕ್ಕೆ ಹೋಗಿ ಬಿಳಿ ಗೆರೆ ಮೂಡಿತು. ಬಿಟ್ಟೊಡನೆ ಕೆಂಪಾಯಿತು. ಅದು ಮಾಯುವ ಮೊದಲೇ ಮತ್ತೊಮ್ಮೆ. ಪಕ್ಕದಲ್ಲಿದ್ದ ಹುಡುಗ ಮೊಬೈಲ್ ಕೆಳಗಿಳಿಸಿದ.

ಆಮೇಲೆ ಜನ ಒಬ್ಬೊಬ್ಬರಾಗಿ ಮುಂದೆ ಬಂದರು. ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರು ಕೈಕಟ್ಟಿ ನಿಂತರು. ಆಸ್ತಿ ಪಾಲಿನ ವಿಷಯ. ಅಣ್ಣತಮ್ಮಂದಿರ ಜಗಳವನ್ನು ಇನ್ನೊಂದು ಜೋಡಿ ಅಣ್ಣತಮ್ಮಂದಿರ ಮುಂದೆ ಇಡುವುದು ಎಷ್ಟು ಸಹಜ! ನನ್ನ ಅರೆಬರೆ ತುಳುವಿಗೆ ಅರ್ಥವಾದಷ್ಟು, ಇಬ್ಬರಿಗೂ ಬೈಗುಳ ಬಿತ್ತು. ಒಬ್ಬ ಹೆಂಗಸಂತೂ ದೈವದ ಮೇಲೇ ದೂರು ಹೇಳಿದರು. ವರ್ಷವರ್ಷ ಹೂವು ಎಣ್ಣೆ ಕೊಡುತ್ತೇವೆ, ನಮ್ಮ ಮನೆ ಕಡೆ ಯಾಕೆ ನೋಡಲಿಲ್ಲ ಅಂತ. ದೈವ ಮೈಮೇಲೆ ಬಂದ ಪಾತ್ರಿ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು.

ಪೇಟೆಯ ಪ್ರತಿಮೆಗೆ ಯಾರೂ ಹೀಗೆ ಗದರುವುದಿಲ್ಲ. ವರ್ಷಕ್ಕೊಮ್ಮೆ ಹಾರ ಹಾಕಿ, ಭಾಷಣ ಮಾಡಿ, ಬಿಡುತ್ತೇವೆ. ಗರಡಿಯ ವೀರರಿಗೆ ರಿಟೈರ್ಮೆಂಟ್ ಇಲ್ಲ. ಕಾಯ ಬಿಟ್ಟು ಮಾಯ ಸೇರಿದ್ದಾರೆ ಅಷ್ಟೇ, ಕರೆದರೆ ಬರಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಇಲ್ಲಿ ಬರೀ ವೀರರಲ್ಲ, ಮನೆಯ ಅಜ್ಜಿಯೂ ಸತ್ತ ಮೇಲೆ ಎಲೆ ಹಾಕಿಸಿಕೊಂಡು ಉಣ್ಣುತ್ತಾಳೆ. ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಡಿಸುವ ಪದ್ಧತಿ ಇನ್ನೂ ಇದೆ. ಮಕ್ಕಳಾಗಿ ತೀರಿಕೊಂಡವರಿಗೆ ವಯಸ್ಸಿಗೆ ಬಂದಾಗ ಮದುವೆಯನ್ನೂ ಮಾಡುತ್ತಾರೆ. ಸತ್ತವರು ಇಷ್ಟು ಹತ್ತಿರ ಇರುವ ಕಡೆ ವೀರನನ್ನು ತಪ್ಪೇ ಇಲ್ಲದ ಕಂಚಿನ ಮನುಷ್ಯ ಮಾಡುವ ಅಗತ್ಯ ಬೀಳುವುದಿಲ್ಲ ಅಂತ ನನಗನಿಸಿತು. ಸಾವನ್ನು ಬಾಗಿಲಾಚೆ ಇಟ್ಟವರಿಗೇ ಎತ್ತರದ ಪೀಠ ಬೇಕಾಗುವುದು.

ಸೇಟು ಮುಗಿಯುವ ಹೊತ್ತಿಗೆ ಬೆಳಗಾಗುತ್ತಿತ್ತು. ಸ್ವಲ್ಪ ಮಲಗಿ, ನೇತ್ರಾವತಿ ದಾಟಿ ಉಳ್ಳಾಲಕ್ಕೆ ಹೋದೆ. ಪೋರ್ಚುಗೀಸರಿಗೆ ತಲೆಬಾಗದ ಅಬ್ಬಕ್ಕನ ಊರು. ಅವಳ ಹೆಸರಿನಲ್ಲಿ 2003ರಲ್ಲಿ ಅಂಚೆಚೀಟಿ ಬಂದಿದೆ, ಕೋಸ್ಟ್ ಗಾರ್ಡ್ ಹಡಗೊಂದು ಓಡಾಡುತ್ತಿದೆ. ಸೆರೆಯಲ್ಲೂ ಹೋರಾಡುತ್ತಲೇ ಸತ್ತಳು ಅನ್ನುತ್ತದೆ ಜನರ ಕಥೆ. ಇತಿಹಾಸಕಾರರು ಆ ಹೆಸರಿನ ರಾಣಿಯರು ಇಬ್ಬರೋ ಮೂವರೋ ಇದ್ದರು ಅನ್ನುತ್ತಾರೆ. ಜನ ಅವರನ್ನೆಲ್ಲ ಒಬ್ಬಳೇ ಮಾಡಿ, ಕೈಗೆ ಖಡ್ಗ ಕೊಟ್ಟು ಕುದುರೆ ಹತ್ತಿಸಿದ್ದಾರೆ. ಆದರೆ 1623ರಲ್ಲಿ ಅವರಲ್ಲೊಬ್ಬಳನ್ನು ಕಣ್ಣಾರೆ ಕಂಡವನಿದ್ದಾನೆ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ. ಅವನಿಗೆ ಎದುರಾದ ರಾಣಿ ಬರಿಗಾಲಿನಲ್ಲಿದ್ದಳು. ಸಾದಾ ಹತ್ತಿ ಬಟ್ಟೆ ಉಟ್ಟಿದ್ದಳು, ಯಾರೋ ಕೊಡೆ ಹಿಡಿದಿದ್ದರು. ನೋಡಲು ಅಡುಗೆಯವಳ ಹಾಗೆ ಕಂಡಳು, ಬಾಯಿ ತೆರೆದ ಮೇಲೆ ರಾಣಿ ಅಂತ ಗೊತ್ತಾಯಿತು ಅಂತ ಬರೆದಿದ್ದಾನೆ. ಅವಳು ಅವತ್ತು ಹೊರಟಿದ್ದು ಯುದ್ಧಕ್ಕಲ್ಲ, ನೀರಿನ ಕಾಲುವೆ ಕೆಲಸ ಎಲ್ಲಿಗೆ ಬಂತು ಅಂತ ನೋಡಲು.