ಮುಹೂರ್ತಕ್ಕೆ ಮೊದಲು ಗಲ್ಲದ ಮೊಡವೆ

ಏಪ್ರಿಲ್, ಮೇ ಬಂತೆಂದರೆ ಕೊಡಗಿನ ಕಲ್ಯಾಣ ಮಂಟಪಗಳಿಗೆ ಬಿಡುವಿಲ್ಲ. ಕಾಫಿ ಕೊಯ್ದು, ಒಣಗಿಸಿ, ಮಾರಿ ಆದ ಮೇಲೆ ಮದುವೆಗಳ ಸಾಲು. ಸರಿಯಾಗಿ ಆ ಹೊತ್ತಿಗೇ ಗಲ್ಲದಲ್ಲೋ ದವಡೆಯ ಅಂಚಿನಲ್ಲೋ ಒಂದು ಗಂಟು ಏಳುತ್ತದೆ. ಬಿಳಿ ತಲೆ ಇಲ್ಲ, ಕೀವು ಕಾಣುವುದಿಲ್ಲ, ಮುಟ್ಟಿದರೆ ನೋವು. ಮದುಮಗಳು ಮೊದಲು ಹುಡುಕುವುದು ಒಳ್ಳೆಯ ಕನ್ಸೀಲರ್. ಆದರೆ ಕನ್ಸೀಲರ್ ಬಣ್ಣವನ್ನು ಮುಚ್ಚುತ್ತದೆ, ಉಬ್ಬನ್ನು ಮುಚ್ಚುವುದಿಲ್ಲ. ಊತ ಇಳಿಸುವ ಕೆಲಸವನ್ನೆಲ್ಲ ಮೊದಲೇ ಮುಗಿಸಿಕೊಂಡು ಮದುವೆಯ ದಿನಕ್ಕೆ ಬಣ್ಣದ ಕೆಲಸವನ್ನಷ್ಟೇ ಉಳಿಸಿಕೊಳ್ಳಬೇಕು. ಅದಕ್ಕೆ ಮುಹೂರ್ತದಿಂದ ಹಿಂದಕ್ಕೆ ದಿನ ಎಣಿಸುತ್ತಾ ಬರಬೇಕು.

ಮೊದಲು ಮುಟ್ಟಿನ ಲೆಕ್ಕ. ಇಂಥ ಹಾರ್ಮೋನಿನ ಮೊಡವೆ ಸಾಮಾನ್ಯವಾಗಿ ಮುಟ್ಟಿಗೆ ಏಳೆಂಟು ದಿನ ಮೊದಲು ಏಳುತ್ತದೆ. ಆಂಡ್ರೋಜೆನ್ ಹಾರ್ಮೋನು ಚರ್ಮದ ಎಣ್ಣೆಗ್ರಂಥಿಗಳನ್ನು ಕೆರಳಿಸುತ್ತದೆ. ರಂಧ್ರ ಕಟ್ಟಿಕೊಂಡು ಒಳಗೆ ಊತ ಬರುತ್ತದೆ. ಕಳೆದ ಮೂರು ತಿಂಗಳ ತಾರೀಖು ಬರೆದುಕೊಂಡು ನೋಡಿ, ಮುಹೂರ್ತ ಆ ವಾರದಲ್ಲೇ ಬೀಳುತ್ತದೆಯೇ ಎಂದು ಗೊತ್ತಾಗುತ್ತದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಗಲ್ಲದಲ್ಲಿ ಗಡಸು ಕೂದಲು ಬರುತ್ತಿದ್ದರೆ, ಕ್ರೀಮು ಹುಡುಕುವುದಕ್ಕಿಂತ ಮೊದಲು ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ತಪ್ಪುವ ತೊಂದರೆ) ಇದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಚರ್ಮದ ಡಾಕ್ಟರನ್ನು ಕಾಣಲು ಮೈಸೂರಿಗೆ ಹೋಗುವವರು ಒಂದು ಇಡೀ ದಿನ ಇಟ್ಟುಕೊಳ್ಳಬೇಕು. ಹೀಗಾಗಿ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಹೋಗಿ ಬಂದರೆ ಒಳ್ಳೆಯದು.

ಇಲ್ಲೇ ಇನ್ನೊಂದು ಮಾತು. ಮದುವೆಗೆಂದು ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳುವವರು ಬಹಳ. ಹೆಚ್ಚಾಗಿ ಕೊಡುವುದು ನಾರ್‌ಎಥಿಸ್ಟೆರಾನ್. ಅದಕ್ಕೆ ತುಸು ಆಂಡ್ರೋಜೆನ್ ಗುಣ ಇರುವುದರಿಂದ ಕೆಲವರಿಗೆ ಮೊಡವೆ ಹೆಚ್ಚಾಗುತ್ತದೆ. ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗಂತೂ ಅದು ಅಪಾಯ. ಅಕ್ಕ ತಗೊಂಡಿದ್ದಳು, ನನಗೂ ಆಗುತ್ತದೆ ಎಂದುಕೊಂಡು ಮೆಡಿಕಲ್‌ನಿಂದ ತರಬೇಡಿ. ಡಾಕ್ಟರಿಗೆ ಮೊಡವೆಯ ವಿಷಯವನ್ನೂ ಹೇಳಿಯೇ ತೆಗೆದುಕೊಳ್ಳಿ.

ಮೂರು ತಿಂಗಳು ಕೈಯಲ್ಲಿದ್ದರೆ ಅಡಾಪಲಿನ್ 0.1% ಜೆಲ್ ನಂಬಬಹುದಾದ ಮದ್ದು. ರಾತ್ರಿ ಮುಖ ತೊಳೆದು ಪೂರ್ತಿ ಒಣಗಲು 20 ನಿಮಿಷ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಜಾಸ್ತಿ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಮೊಡವೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಅದು ಏಳುವ ಜಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಕಣ್ಣಿನ ಸುತ್ತ, ಮೂಗಿನ ಮೂಲೆ, ತುಟಿಯ ತುದಿ ಬಿಡಬೇಕು. ಮೊದಲ ಎರಡು ವಾರ ರಾತ್ರಿ ಬಿಟ್ಟು ರಾತ್ರಿ, ಆಮೇಲೆ ದಿನಾ. ಮೂರನೆಯ, ನಾಲ್ಕನೆಯ ವಾರಕ್ಕೆ ಕೆಲವರ ಮುಖ ಮೊದಲಿಗಿಂತ ಕೆಡುತ್ತದೆ. ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಫಲ ಕಾಣಲು 8ರಿಂದ 12 ವಾರ ಬೇಕು. ಮದುವೆಗೆ ಒಂದೇ ತಿಂಗಳಿದ್ದರೆ ಇದನ್ನು ಶುರು ಮಾಡಲೇಬೇಡಿ, ಸರಿಯಾಗಿ ಕೆಟ್ಟ ವಾರದಲ್ಲಿ ಮುಹೂರ್ತ ಬಂದುಬಿಡುತ್ತದೆ. ಬಸುರಿಯರು, ಬಸಿರಿಗೆ ಯೋಚಿಸುತ್ತಿರುವವರು ಅಡಾಪಲಿನ್ ಬಿಟ್ಟು ಅಜಿಲಾಯಿಕ್ ಆಸಿಡ್ ಬಗ್ಗೆ ಡಾಕ್ಟರನ್ನು ಕೇಳಬಹುದು.

ಬೆಳಿಗ್ಗೆಗೆ ಬೆಂಜಾಯಿಲ್ ಪೆರಾಕ್ಸೈಡ್ 2.5% ಜೆಲ್ ಸಾಕು. 10% ತಂದರೆ ಗುಣ ಅಷ್ಟೇನೂ ಹೆಚ್ಚುವುದಿಲ್ಲ, ಉರಿ ಹೆಚ್ಚುತ್ತದೆ. ಇದು ಬಟ್ಟೆಯ ಬಣ್ಣ ತಿನ್ನುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ತಲೆದಿಂಬಿನ ಮೇಲೆ ಕಿತ್ತಳೆ ಕಲೆ ಬಿದ್ದರೆ ಹೋಗಲಿ ಎನ್ನಬಹುದು, ಮದುಮಗಳ ಕೆಂಪು ರೇಷ್ಮೆ ಸೀರೆಗೋ ತಲೆಗೆ ಕಟ್ಟುವ ಕೆಂಪು ವಸ್ತ್ರಕ್ಕೋ ತಾಗಿದರೆ ಸರಿ ಮಾಡಲಾಗದು. ಸೀರೆ ಉಟ್ಟು ನೋಡುವ ದಿನ, ಮುಹೂರ್ತದ ಹಿಂದಿನ ದಿನ ಊರವರೆಲ್ಲ ಸೇರುವ ಊರ್ ಕೂಡುವ ದಿನ, ಮುಹೂರ್ತದ ದಿನ ಹಚ್ಚುವುದೇ ಬೇಡ.

ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಗಲ್ಲದ ಮೊಡವೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಡಾಕ್ಟರ್ ಬರೆದುಕೊಟ್ಟರೆ ಮಾತ್ರ, ಬಸುರಿಯರಿಗೆ ಇಲ್ಲ, ಇದಕ್ಕೂ ಮೂರು ತಿಂಗಳ ತಾಳ್ಮೆ ಬೇಕು. ಮುಟ್ಟಿನ ಲೆಕ್ಕವನ್ನೂ ಅದು ತಪ್ಪಿಸಬಹುದು. ತೀವ್ರ ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವಾಗ ಮತ್ತು ನಿಲ್ಲಿಸಿ ಒಂದು ತಿಂಗಳವರೆಗೆ ಬಸಿರಾಗಲೇಬಾರದು, ಮಗುವಿಗೆ ತೀವ್ರ ಅಂಗದೋಷ ಆಗಬಹುದು. ಹೊಸದಾಗಿ ಮದುವೆಯಾಗುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಆ ಮಾತ್ರೆಯಲ್ಲಿರುವವರು ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸಿದರೆ ಚರ್ಮವೇ ಕಿತ್ತು ಬರಬಹುದು.

ನಮಗೆ ಅತಿ ಹೆಚ್ಚು ಬೇಸರ ತರಿಸುವುದು ಮೂರು ಮದ್ದು ಬೆರೆಸಿದ, ಸ್ಟೀರಾಯ್ಡ್ ಇರುವ ಟ್ಯೂಬ್. ಯಾರೋ ಚಿಕ್ಕಮ್ಮ ಹೇಳುತ್ತಾರೆ, ಹಚ್ಚಿದ ನಾಲ್ಕೇ ದಿನಕ್ಕೆ ಮುಖ ಬೆಳ್ಳಗೆ, ನುಣ್ಣಗೆ ಆಗುತ್ತದೆ. ವಾರಗಟ್ಟಲೆ ಹಚ್ಚಿ ನಿಲ್ಲಿಸಿದರೆ ಮುಖ ಕೆಂಪಗೆ ಉರಿಯುತ್ತದೆ, ಒಂದೇ ಅಳತೆಯ ಸಣ್ಣ ಗುಳ್ಳೆಗಳು ಏಳುತ್ತವೆ, ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಎಂದು ಇದ್ದರೆ ಮೊಡವೆಗೆ ಹಚ್ಚಬೇಡಿ. ಮದುವೆ ಮನೆಯಲ್ಲಿ ಎದುರಿಗೆ ನಿಂತು "ಮುಖಕ್ಕೆ ಏನಾಯ್ತು?" ಎಂದು ಕೇಳುವವರಿಂದಲೇ ಹುಡುಗಿಯರು ಇಂಥ ಟ್ಯೂಬಿಗೆ ಕೈ ಹಾಕುತ್ತಾರೆ. ದಯವಿಟ್ಟು ಕೇಳಬೇಡಿ. ಪಂದಿಕರಿ ತಿಂದದ್ದಕ್ಕೇ ಬಂತು ಎಂದೂ ಹೇಳಬೇಡಿ, ತಿಂದ ಕೊಬ್ಬು ನೇರ ಮುಖಕ್ಕೆ ಬಂದು ಕೂರುವುದಿಲ್ಲ.

ಕೊನೆಯ ಎರಡು ವಾರ ಹೊಸದೇನೂ ಬೇಡ. ಹೊಸ ಫೇಸ್‌ವಾಶ್ ಬೇಡ, ಪಾರ್ಲರಿನ ಫೇಶಿಯಲ್, ಬ್ಲೀಚ್ ಬೇಡ, ಒಣಗಿಸಿದ ಕಿತ್ತಳೆ ಸಿಪ್ಪೆಯ ಪುಡಿ ಹಾಕಿ ಉಜ್ಜುವುದೂ ಬೇಡ. ನಿಂಬೆರಸ, ಟೂತ್‌ಪೇಸ್ಟ್ ಎರಡೂ ಚರ್ಮ ಸುಡುತ್ತವೆ, ಸುಟ್ಟ ಜಾಗ ನಮ್ಮ ಕಂದು ಮೈಬಣ್ಣದಲ್ಲಿ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ. ಮೇಲ್ದುಟಿಗೆ ಥ್ರೆಡ್ಡಿಂಗ್ ಮಾಡಿಸುವುದಿದ್ದರೆ ಅಡಾಪಲಿನ್ ಒಂದು ವಾರ ಮೊದಲೇ ನಿಲ್ಲಿಸಿ.

ಇಷ್ಟೆಲ್ಲ ಮಾಡಿದರೂ ಐದು ದಿನ ಇರುವಾಗ ದೊಡ್ಡ ಗಂಟು ಎದ್ದಿತು ಎನ್ನಿ. ಹಿಸುಕಬೇಡಿ. ಒಳಗೆ ಕೂತದ್ದು ಹೊರಗೆ ಬರುವುದಿಲ್ಲ, ಊತ ಎರಡರಷ್ಟಾಗುತ್ತದೆ. ಚರ್ಮದ ಡಾಕ್ಟರ್ ಟ್ರಯಾಮ್ಸಿನೋಲೋನ್ ಎಂಬ ಮದ್ದನ್ನು ತೆಳು ಮಾಡಿ ಸಣ್ಣ ಸೂಜಿಯಲ್ಲಿ ಗಂಟಿನೊಳಗೆ ಕೊಟ್ಟರೆ ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ. ಮದ್ದು ಗಟ್ಟಿಯಾದರೆ ಆ ಜಾಗ ಕುಳಿ ಬೀಳುವುದುಂಟು. ಆದ್ದರಿಂದ ಇದು ಅನುಭವಿ ಕೈಗೇ ಇರಲಿ, ಹಿಂದಿನ ದಿನಕ್ಕೆ ತಳ್ಳಬೇಡಿ. ಡಾಕ್ಟರ್ ಸಿಗದಿದ್ದರೆ ಐಸ್ ತುಂಡನ್ನು ತೆಳು ಬಟ್ಟೆಯಲ್ಲಿ ಸುತ್ತಿ ಐದು ನಿಮಿಷ ಇಟ್ಟು ತೆಗೆಯಿರಿ, ದಿನಕ್ಕೆ ಮೂರು ಸಲ. ಹೈಡ್ರೋಕೊಲಾಯ್ಡ್ ಪ್ಯಾಚ್ (ಕೀವು, ನೀರು ಹೀರುವ ಅಂಟುಪಟ್ಟಿ) ಒಡೆದ ಮೊಡವೆಗೆ ಮಾತ್ರ, ಒಳಗಿನ ಗಂಟಿಗೆ ಅಲ್ಲ.

ಮುಹೂರ್ತದ ಬೆಳಿಗ್ಗೆ ಮುಖ ತೊಳೆದು ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಕಾಯಿರಿ. ಆತುರಪಟ್ಟರೆ ಮೇಲಿನದ್ದೆಲ್ಲ ಉಂಡೆಗಟ್ಟುತ್ತದೆ. ಹಕ್ಕಳೆ ಎದ್ದಿದ್ದರೆ ಕೀಳದೆ, ಅದರ ಮೇಲೆ ಒಂದು ಸಾಸಿವೆಯಷ್ಟು ಪೆಟ್ರೋಲಿಯಂ ಜೆಲ್ಲಿ ಇಟ್ಟು ಮೆತ್ತಗಾದ ಮೇಲೆ ಟಿಶ್ಯೂನಿಂದ ಒತ್ತಿ ತೆಗೆಯಿರಿ. ತೆಳುವಾದ ಫೌಂಡೇಶನ್ ಮುಖಕ್ಕೆಲ್ಲ ಹಚ್ಚಿ, ಆಮೇಲೆ ಕಾಣುವುದನ್ನು ಮಾತ್ರ ಮುಚ್ಚಿ. ಹೊಸ ಕೆಂಪಿಗೆ ತುಸು ಹಸಿರು ಕರೆಕ್ಟರ್, ಹಳೆಯ ಕಂದು ಕಲೆಗೆ ಪೀಚ್ ಅಥವಾ ಕಿತ್ತಳೆ. ಕಂದು ಕಲೆಗೆ ಹಸಿರು ಹಚ್ಚಿದರೆ ಬೂದಿ ಬಣ್ಣ ಬರುತ್ತದೆ.

ಕನ್ಸೀಲರ್ ಮೈಬಣ್ಣದ್ದೇ ಆಗಿರಬೇಕು. ಒಂದು ಛಾಯೆ ತಿಳಿಯಾದರೂ ಉಬ್ಬು ಎದ್ದು ಕಾಣುತ್ತದೆ. ಚೂಪು ತುದಿಯ ಸಣ್ಣ ಬ್ರಶ್ಶಿನಲ್ಲಿ ಮೊಡವೆಯ ನೆತ್ತಿಗೆ ಒಂದು ಚುಕ್ಕೆ ಇಟ್ಟು ಒಂದು ನಿಮಿಷ ಬಿಡಿ, ಅದು ತುಸು ಗಟ್ಟಿಯಾಗುತ್ತದೆ. ಆಮೇಲೆ ನೆತ್ತಿಯನ್ನು ಮುಟ್ಟದೆ ಸುತ್ತಲಿನ ಅಂಚನ್ನಷ್ಟೇ ತಟ್ಟಿ ಚರ್ಮಕ್ಕೆ ಸೇರಿಸಿ. ಪೌಡರನ್ನು ಪಫ್‌ನಲ್ಲಿ ಒತ್ತಬೇಕು, ಉಜ್ಜಿದರೆ ಮಾಡಿದ್ದೆಲ್ಲ ಎದ್ದುಬರುತ್ತದೆ. ಹೊಳಪಿನ ಹೈಲೈಟರ್ ಗಲ್ಲದ ಹತ್ತಿರ ಬೇಡ. ಸಿಲಿಕಾ ಪೌಡರ್, ಜಿಂಕ್ ಇರುವ ಸನ್‌ಸ್ಕ್ರೀನ್ ಫ್ಲ್ಯಾಶ್ ಬೆಳಕಿಗೆ ಬೆಳ್ಳಗೆ ಹೊಡೆಯುತ್ತವೆ, ವಾರ ಮೊದಲೇ ಹಚ್ಚಿ ಫ್ಲ್ಯಾಶ್‌ನಲ್ಲಿ ಒಂದು ಫೋಟೊ ತೆಗೆದು ನೋಡಿ.

ಮುಟ್ಟಿನ ಲೆಕ್ಕ, ಸ್ಪೈರೊನೊಲ್ಯಾಕ್ಟೋನ್ ಬಿಟ್ಟರೆ ಮದುಮಗನಿಗೂ ಇದೇ ಕ್ರಮ. ಕ್ಷೌರಕ್ಕೆ ಹೊಸ ಬ್ಲೇಡ್, ಕೂದಲು ಬೆಳೆದ ದಿಕ್ಕಿಗೇ, ಒಂದೇ ಸಲ. ಕೊಡವ ಮದುಮಗ ತೊಡುವ ಉದ್ದ ಅಂಗಿ, ಬಿಳಿ ಕುಪ್ಯದ ಕೊರಳಿಗೆ ಫೌಂಡೇಶನ್ ಮೆತ್ತದಂತೆ ದವಡೆಯ ಕೆಳಗೆ ಹಚ್ಚುವುದನ್ನು ಬಿಡಬೇಕು.

ಗಂಗಾಪೂಜೆಯ ಹೊತ್ತಿಗೆ ಮದುಮಗಳು ನೀರಿನ ಬಿಂದಿಗೆ ಹೊತ್ತು ನಿಂತೇ ಇರಬೇಕು, ಎದುರಿಗೆ ಕುಣಿಯುವವರು ಬೇಗ ದಾರಿ ಬಿಡುವುದಿಲ್ಲ. ಬೆವರು ಖಂಡಿತ. ಜೊತೆಯಲ್ಲಿರುವ ತಂಗಿಯೋ ಗೆಳತಿಯೋ ಬ್ಲಾಟಿಂಗ್ ಪೇಪರ್, ಕನ್ಸೀಲರ್, ಪೌಡರ್ ಇಟ್ಟುಕೊಂಡಿರಲಿ. ಮೊದಲು ಬೆವರನ್ನು ಒತ್ತಿ ತೆಗೆದು ಆಮೇಲೆ ಪೌಡರ್. ಬೆವರಿನ ಮೇಲೇ ಹಾಕಿದರೆ ಹಿಟ್ಟು ಕಲಸಿದಂತಾಗುತ್ತದೆ.

ರಾತ್ರಿ ಎಷ್ಟೇ ತಡವಾಗಲಿ, ವಸ್ತ್ರದ ಪಿನ್ನು, ಒಡವೆ ತೆಗೆದ ಕೂಡಲೇ ಕ್ಲೆನ್ಸಿಂಗ್ ಆಯಿಲ್ ಹಚ್ಚಿ ಒಂದು ನಿಮಿಷ ತಿಕ್ಕಿ, ಮೆತ್ತನೆಯ ಫೇಸ್‌ವಾಶ್‌ನಿಂದ ತೊಳೆಯಿರಿ. ಕೊಬ್ಬರಿ ಎಣ್ಣೆ ಬೇಡ, ಮೊಡವೆಯ ಚರ್ಮದಲ್ಲಿ ಅದು ರಂಧ್ರ ಕಟ್ಟುತ್ತದೆ. ಆ ರಾತ್ರಿ ಮಾಯಿಶ್ಚರೈಸರ್ ಸಾಕು. ಅಡಾಪಲಿನ್ ಮಾರನೆಯ ರಾತ್ರಿಯಿಂದ.