ನಾನು ಲೂಥರನ್ ಸಭೆ ಸೇರಿದ್ದು ಯಾಕೆ

ಮಾರ್ಟಿನ್ ಲೂಥರನ ಬೋಧನೆಯಿಂದ ಬೆಳೆದ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡ ಲೂಥರನ್ ಚರ್ಚಿಗೆ ಸದಸ್ಯಳಾಗಿ ಸೇರ್ಕೊಂಡೆ ಅಂದಾಗ ಹತ್ತಿರದವರು ಕೇಳಿದ್ದು ಒಂದೇ ಮಾತು, ಭಾನುವಾರ ಹೋಗಿ ಕೂತು ಪ್ರಾರ್ಥನೆ ಮಾಡ್ಕೊಂಡು ಬಂದ್ರೆ ಸಾಲದಾ, ಹೆಸರು ಬರೆಸೋದು ಯಾಕೆ ಅಂತ. ನ್ಯಾಯವಾದ ಪ್ರಶ್ನೆನೇ. ಎರಡು ಮಾತಲ್ಲಿ ಹೇಳೋಕಾಗಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ, ಮೊದಲ ಸಲ ಹೋಗೋಕೆ ಹಿಂಜರೀತಾ ಇರೋರಿಗೂ ಒಳಗೆ ಏನೇನು ನಡೆಯುತ್ತೆ ಅಂತ ಗೊತ್ತಾಗ್ಲಿ.

ಹಿಂಜರಿಕೆ ವಿಷಯ ಮೊದಲು ಮುಗಿಸಿಬಿಡ್ತೀನಿ. ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಮುಂದಿನವರು ಎದ್ದಾಗ ಏಳಿ, ಕೂತಾಗ ಕೂತ್ಕೊಳ್ಳಿ, ಅಷ್ಟೇ. ಆರಾಧನೆ ಕ್ರಮ ಹೆಚ್ಚಾಗಿ ಪುಸ್ತಕದಲ್ಲೋ ಬಾಗಿಲ ಹತ್ರ ಕೊಡೋ ಹಾಳೆಯಲ್ಲೋ ಅಚ್ಚಾಗಿರತ್ತೆ, ಪಾಸ್ಟರ್ ಏನು ಹೇಳ್ತಾರೆ ಸಭೆ ಏನು ಉತ್ತರ ಕೊಡುತ್ತೆ ಎಲ್ಲ. ಕಾಣಿಕೆ ಎತ್ತುವಾಗ ಹೊಸಬರು ಹಾಕ್ಲೇಬೇಕು ಅಂತೇನಿಲ್ಲ. ಮುಂದೆ ಬಲಿಪೀಠದ ಮೇಲಿರೋ ಬಟ್ಟೆ ಬಣ್ಣ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತೆ, ಕ್ರಿಸ್‌ಮಸ್ಸಿಗೆ ಈಸ್ಟರಿಗೆ ಬಿಳಿ, ಪವಿತ್ರಾತ್ಮ ಇಳಿದುಬಂದ ಹಬ್ಬ ಪೆಂಟೆಕೋಸ್ಟಿಗೆ ಕೆಂಪು, ಈಸ್ಟರಿಗೆ ಮುಂಚಿನ ಉಪವಾಸ ಕಾಲ ಲೆಂಟಲ್ಲಿ ನೇರಳೆ, ಅದೂ ಹೋಗ್ತಾ ಹೋಗ್ತಾ ತಾನಾಗೇ ಅರ್ಥ ಆಗುತ್ತೆ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಆರಾಧನೆಯ ಶುರುವಲ್ಲೇ ಬರೋ ಪಾಪದ ಅರಿಕೆ. ಎಲ್ಲರೂ ಒಟ್ಟಿಗೆ, ಪಾಸ್ಟರೂ ಸೇರಿ, ಯೋಚನೆಯಲ್ಲಿ ಮಾತಲ್ಲಿ ಕೆಲಸದಲ್ಲಿ ತಪ್ಪಿದ್ದೀವಿ, ಮಾಡಬೇಕಾದ್ದನ್ನ ಮಾಡದೇ ಬಿಟ್ಟಿದ್ದೀವಿ ಅಂತ ಬಾಯಿಬಿಟ್ಟು ಹೇಳ್ತಾರೆ, ಆಮೇಲೆ ಪಾಸ್ಟರ್ ಸಭೆ ಕಡೆ ತಿರುಗಿ ತಂದೆಯ ಮಗನ ಪವಿತ್ರಾತ್ಮನ ಹೆಸರಲ್ಲಿ ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ ಅಂತ ನೇರವಾಗಿ ಹೇಳ್ತಾರೆ. ಮುಂದಿನ ವಾರ ಸರಿಯಾಗಿದ್ರೆ ಕ್ಷಮೆ, ಇಷ್ಟು ದಿನ ಉಪವಾಸ ಮಾಡಿದ್ರೆ ಕ್ಷಮೆ, ಅಂಥದ್ದೇನೂ ಇಲ್ಲ. ಇದು ಬರೀ ಪದ್ಧತಿ ಅಲ್ಲ ಅಂತ ಚರಿತ್ರೆ ಓದಿದಾಗ ಗೊತ್ತಾಯ್ತು. 1517ರ ಅಕ್ಟೋಬರ್ 31ಕ್ಕೆ ಜರ್ಮನಿಯ ವಿಟೆನ್‌ಬರ್ಗಿನ ಮಾರ್ಟಿನ್ ಲೂಥರ್ ಹೊರತಂದ 95 ವಾದಗಳು ಶುರುವಾಗಿದ್ದೇ ಇದರ ಮೇಲೆ, ದುಡ್ಡು ಕೊಟ್ಟು ಪಾಪ ವಿಮೋಚನಾ ಪತ್ರ ಕೊಂಡ್ರೆ ಆಗುತ್ತೆ ಅನ್ನೋ ವ್ಯಾಪಾರದ ವಿರುದ್ಧ. ಐನೂರು ವರ್ಷದ ಹಿಂದಿನ ಜಗಳ ಅನ್ಸುತ್ತೆ, ಆದ್ರೆ ಒಳ್ಳೇತನದಿಂದಲೋ ಸೇವೆಯಿಂದಲೋ ದೇವರ ಹತ್ರ ಏನಾದ್ರೂ ಸಂಪಾದಿಸ್ಬೇಕು ಅನ್ನೋ ಒತ್ತಡ ನಂಗೂ ಇತ್ತು, ಬಹಳ ಜನಕ್ಕೆ ಈಗಲೂ ಇದೆ.

ಇನ್ನು ಕರ್ತನ ಭೋಜನ, ಅಂದ್ರೆ ರೊಟ್ಟಿ ದ್ರಾಕ್ಷಾರಸ ಹಂಚೋ ಸಂಸ್ಕಾರ. ಸಭೆಯವರು ಎದ್ದು ಮುಂದೆ ಹೋಗಿ ಕಟಕಟೆ ಹತ್ರ ಮಂಡಿಯೂರ್ತಾರೆ, ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು ಚಾಚ್ತಾರೆ, ಪಾಸ್ಟರ್ ಒಬ್ಬೊಬ್ಬರ ಮುಂದೆ ನಿಂತು, ನಿನಗೋಸ್ಕರ ಕೊಡಲ್ಪಟ್ಟ ಕ್ರಿಸ್ತನ ದೇಹ, ಅಂತ ಹೇಳಿ ರೊಟ್ಟಿ ಇಡ್ತಾರೆ. ವಯಸ್ಸಾದವರೊಬ್ಬರ ಕೈ ನಡುಗ್ತಾ ಇತ್ತು, ಪಾಸ್ಟರ್ ತಮ್ಮ ಇನ್ನೊಂದು ಕೈಯಿಂದ ಆ ಕೈಗಳನ್ನ ಕೆಳಗಿಂದ ಹಿಡ್ಕೊಂಡು ಆಮೇಲೆ ರೊಟ್ಟಿ ಇಟ್ರು. ಲೂಥರನ್ನರಿಗೆ ಇದು ಬರೀ ನೆನಪಿನ ಊಟ ಅಲ್ಲ. ಕ್ರಿಸ್ತನ ದೇಹ ರಕ್ತ ನಿಜವಾಗಿ ಅಲ್ಲಿದೆ ಅಂತ ನಂಬ್ತಾರೆ, 1529ರಲ್ಲಿ ಮಾರ್‌ಬರ್ಗಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಕೂತು ಚರ್ಚೆ ಮಾಡಿದಾಗ ಕೊನೆಗೂ ಒಮ್ಮತ ಬರದೇ ಉಳಿದಿದ್ದು ಇದೊಂದೇ ವಿಷಯಕ್ಕೆ. ಹಾಗಾಗಿ ಹೊಸಬರು ಎದ್ದು ಹೋಗೋ ಮುಂಚೆ ಪಾಸ್ಟರನ್ನ ಒಂದು ಮಾತು ಕೇಳಿ. ಕೆಲವು ಲೂಥರನ್ ಸಭೆಗಳು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದವರನ್ನೆಲ್ಲ ಕರೀತವೆ, ಕೆಲವು ತಮ್ಮ ಸಭೆಯ ಅಥವಾ ಒಂದೇ ನಂಬಿಕೆ ಒಪ್ಪಿದ ಸಭೆಗಳವರಿಗೆ ಮಾತ್ರ ಕೊಡ್ತವೆ. ಬಹಳ ಕಡೆ, ತಗೊಳ್ಳದವರು ಎದೆ ಮೇಲೆ ಕೈ ಕಟ್ಕೊಂಡು ಹೋದ್ರೆ ಆಶೀರ್ವಾದ ಸಿಗುತ್ತೆ. ನಾನು ಸೇರೋ ತನಕ ಹಾಗೇ ಹೋಗ್ತಿದ್ದೆ, ತಲೆ ಮೇಲೆ ಕೈ ಇಟ್ಟು ಆಶೀರ್ವದಿಸ್ತಿದ್ರು, ಹೊರಗಿನವಳು ಅನ್ನೋ ಭಾವನೆ ಬರಲಿಲ್ಲ, ಹಸಿವು ಮಾತ್ರ ಜಾಸ್ತಿ ಆಯ್ತು.

ಸೇರೋ ಮುಂಚೆ ಒಂದು ಕ್ಲಾಸ್ ಇರುತ್ತೆ. ನನ್ನ ನಂಬಿಕೆ ಎಷ್ಟು ಗಟ್ಟಿ ಅಂತ ಅಳೀತಾರೇನೋ ಅನ್ನೋ ಭಯ ಇತ್ತು ನಂಗೆ. ಅಲ್ಲಿ ಓದಿದ್ದು ಲೂಥರ್ 1529ರಲ್ಲಿ ಬರೆದ ಚಿಕ್ಕ ಕ್ಯಾಟೆಕಿಸಂ, ಅಂದ್ರೆ ಪ್ರಶ್ನೆ ಉತ್ತರದ ರೂಪದಲ್ಲಿರೋ ನಂಬಿಕೆಯ ಪಾಠಪುಸ್ತಕ. ಅದಕ್ಕೆ ಹಿಂದಿನ ವರ್ಷ ಸ್ಯಾಕ್ಸನಿಯ ಸಭೆಗಳನ್ನ ಸುತ್ತಿ ನೋಡಿದಾಗ ಜನಕ್ಕೆ ಕರ್ತನ ಪ್ರಾರ್ಥನೆ, ದಶಾಜ್ಞೆ ಕೂಡ ಗೊತ್ತಿಲ್ಲ, ಎಷ್ಟೋ ಕಡೆ ಕಲಿಸೋರಿಗೇ ಗೊತ್ತಿಲ್ಲ ಅಂತ ಕಂಡು ಬೇಜಾರಾಗಿ, ಮನೆಮಂದಿ ಮನೆಯಲ್ಲೇ ಹೇಳ್ಕೊಡೋ ಹಾಗೆ ಬರೆದಿದ್ದು. ಹೆಚ್ಚಿನ ಭಾಗಗಳಲ್ಲಿ ಮತ್ತೆ ಮತ್ತೆ ಬರೋದು, ಇದರ ಅರ್ಥವೇನು, ಅನ್ನೋ ಪ್ರಶ್ನೆ. ನಾವು ಏನನ್ನ ನಂಬ್ತೀವಿ ಅಂತ ಹೇಳೋ ವಿಶ್ವಾಸಪ್ರಮಾಣದಲ್ಲಿ ಪವಿತ್ರಾತ್ಮನ ಭಾಗಕ್ಕೆ ಬಂದಾಗ ಅದರ ಅರ್ಥ ಹೀಗಿದೆ, ನನ್ನ ಸ್ವಂತ ಬುದ್ಧಿಯಿಂದಾಗ್ಲಿ ಬಲದಿಂದಾಗ್ಲಿ ನಾನು ಯೇಸು ಕ್ರಿಸ್ತನನ್ನ ನಂಬಲಾರೆ, ಆತನ ಹತ್ತಿರ ಬರಲಾರೆ, ಪವಿತ್ರಾತ್ಮನೇ ಸುವಾರ್ತೆಯ ಮೂಲಕ ನನ್ನನ್ನ ಕರೆದಿದಾನೆ. ಓದಿ ಸುಮ್ನೆ ಕೂತುಬಿಟ್ಟೆ. ನನ್ನ ನಂಬಿಕೆ ಸಾಕಾಗುತ್ತಾ ಅಂತ ನಾನು ವರ್ಷಗಟ್ಟಲೆ ಕೇಳ್ಕೊತಿದ್ದೆ, ಇಲ್ಲಿ ನಂಬಿಕೆನೂ ಕೊಡುಗೆ ಅಂತ ಬರೆದಿದೆ.

ಶಿಶು ದೀಕ್ಷಾಸ್ನಾನದ ಬಗ್ಗೆ ನಂಗಿದ್ದ ತಕರಾರೂ ಅಲ್ಲಿಂದಲೇ ಕರಗಿದ್ದು. ದೀಕ್ಷಾಸ್ನಾನ ನಾವು ದೇವರಿಗೆ ಮಾಡೋ ಪ್ರತಿಜ್ಞೆ ಅಂದ್ಕೊಂಡ್ರೆ ಕೂಸಿಗೆ ಕೊಡೋದು ವಿಚಿತ್ರ ಅನ್ಸುತ್ತೆ, ದೇವರು ನಮಗೆ ಮಾಡೋ ಕೆಲಸ ಅಂದ್ರೆ ಅದಕ್ಕೆ ವಯಸ್ಸೆಲ್ಲಿಂದ ಬಂತು.

ಇನ್ನೊಂದು ವಿಷಯ ಕೇಳದೇ ಇರೋಕಾಗಲಿಲ್ಲ. 1543ರಲ್ಲಿ ಲೂಥರ್ ಯೆಹೂದ್ಯರ ವಿರುದ್ಧ ಬರೆದಿದ್ದು ಘೋರವಾಗಿದೆ, ಅವರ ಪ್ರಾರ್ಥನಾ ಮಂದಿರಗಳನ್ನ ಸುಡಬೇಕು ಅಂತೆಲ್ಲ. ಪಾಸ್ಟರ್ ಮುಚ್ಚಿಡಲಿಲ್ಲ, ಸಮರ್ಥಿಸಲೂ ಇಲ್ಲ, ಅದು ಪಾಪ, ಲೂಥರನ್ ಸಭೆಗಳು ಅದನ್ನ ಬಹಿರಂಗವಾಗಿ ತಿರಸ್ಕರಿಸಿವೆ ಅಂದ್ರು. ನಾವು ಮಾತು ಕೊಡೋದು ಲೂಥರನಿಗಲ್ಲ ಅನ್ನೋದೂ ಆಗ ಸ್ಪಷ್ಟ ಆಯ್ತು. ಮಾತು ಕೊಡೋದು ದೇವರಿಗೆ, ಒಪ್ಪೋದು ಬೈಬಲ್ಲನ್ನ, ಅದನ್ನ ವಿವರಿಸೋ ವಿಶ್ವಾಸ ದಾಖಲೆಗಳನ್ನ. ಅದರಲ್ಲಿ ಮುಖ್ಯವಾದದ್ದು ಲೂಥರನ ಜೊತೆಗಾರ ಮೆಲಾಂಕ್ತನ್ ಬರೆದ, 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಎದುರು ಓದಲಾದ ಆಗ್ಸ್‌ಬರ್ಗ್ ಅರಿಕೆ. ಸುವಾರ್ತೆ ಶುದ್ಧವಾಗಿ ಸಾರಿ ಸಂಸ್ಕಾರಗಳನ್ನ ಸರಿಯಾಗಿ ಕೊಡೋ ಜಾಗವೇ ಸಭೆ, ಮನುಷ್ಯರು ಮಾಡಿದ ಪದ್ಧತಿಗಳು ಎಲ್ಲ ಕಡೆ ಒಂದೇ ಥರ ಇರಬೇಕಾಗಿಲ್ಲ ಅಂತ ಅದರ ಏಳನೇ ಲೇಖನ ಹೇಳುತ್ತೆ. ನಂಗಂತೂ ಇದು ತುಂಬಾ ಉದಾರ ಅನ್ನಿಸ್ತು.

ಸೇರೋ ಕ್ರಮ ಸರಳ. ದೀಕ್ಷಾಸ್ನಾನ ಆಗಿಲ್ಲದಿದ್ರೆ ಕ್ಲಾಸ್ ಮುಗಿದ ಮೇಲೆ ದೀಕ್ಷಾಸ್ನಾನ. ಬೇರೆ ಚರ್ಚಲ್ಲಿ ತಂದೆ ಮಗ ಪವಿತ್ರಾತ್ಮ ಅನ್ನೋ ತ್ರಯೇಕ ದೇವರ ಹೆಸರಲ್ಲಿ ನೀರಿನಿಂದ ಆಗಿದ್ರೆ ಮತ್ತೆ ಕೊಡಲ್ಲ, ಸಭೆ ಮುಂದೆ ವಿಶ್ವಾಸ ಅರಿಕೆ ಮಾಡಿದ್ರೆ ಆಯ್ತು. ಇನ್ನೊಂದು ಲೂಥರನ್ ಸಭೆಯಿಂದ ಬರೋರಿಗೆ ವರ್ಗಾವಣೆ ಪತ್ರ. ನನ್ನದು ಎರಡನೇ ದಾರಿ. ಸೈತಾನನನ್ನ ಬಿಡ್ತೀಯಾ, ತಂದೆ ಮಗ ಪವಿತ್ರಾತ್ಮನನ್ನ ನಂಬ್ತೀಯಾ, ವಾಕ್ಯ ಕೇಳ್ತಾ ಕರ್ತನ ಭೋಜನದಲ್ಲಿ ಸೇರ್ತಾ ಈ ಸಭೆ ಜೊತೆ ಇರ್ತೀಯಾ ಅಂತ ಕೇಳಿದ್ರು, ದೇವರ ಸಹಾಯದಿಂದ ಇರ್ತೀನಿ ಅಂದೆ. ಆಮೇಲೆ ಪಾಸ್ಟರ್ ಸಭೆ ಕಡೆ ತಿರುಗಿ, ಇವಳಿಗೋಸ್ಕರ ಪ್ರಾರ್ಥಿಸ್ತೀರಾ, ಇವಳಿಗೆ ಆಸರೆಯಾಗಿ ಇರ್ತೀರಾ ಅಂತ ಕೇಳಿದ್ರು. ಇಡೀ ಸಭೆ ಇರ್ತೀವಿ ಅಂತು, ನನ್ನ ಹೆಸರೂ ಗೊತ್ತಿಲ್ಲದವರು ಕೂಡ.

ಬರೀ ಹೋಗಿ ಕೂತು ಬಂದ್ರೆ ಸಿಗದೇ ಇರೋದು ಇದು. ಸುಮ್ನೆ ಬಂದು ಹೋಗೋರು ಎರಡು ವಾರ ಕಾಣದಿದ್ರೆ ಯಾರಿಗೂ ವಿಚಾರಿಸೋ ಹಂಗಿಲ್ಲ. ಈಗ ನಾನು ಕಾಣದಿದ್ರೆ ಫೋನ್ ಬರುತ್ತೆ, ಹಾಸಿಗೆ ಹಿಡಿದ್ರೆ ಪಾಸ್ಟರ್ ರೊಟ್ಟಿ ದ್ರಾಕ್ಷಾರಸ ತಗೊಂಡು ಮನೆಗೇ ಬರ್ತಾರೆ, ಹಾಗೇ ನಾನೂ ಇನ್ನೊಬ್ಬರನ್ನ ವಿಚಾರಿಸೋ ಪಟ್ಟಿಯಲ್ಲಿದೀನಿ. ಸಭೆಯ ವಾರ್ಷಿಕ ಮೀಟಿಂಗಲ್ಲಿ ಕೂತು ಲೆಕ್ಕಪತ್ರ ನೋಡಿ ವೋಟ್ ಹಾಕೋದೂ ಇದರ ಭಾಗನೇ, ಬೋರ್ ಅಂತ ತಪ್ಪಿಸ್ಕೋಬಾರ್ದು.

ಸೇರೋ ಮನಸ್ಸಿದ್ರೆ ಒಂದು ಮಾತು. ಲೂಥರನ್ ಅನ್ನೋ ಬೋರ್ಡ್ ಇದ್ದ ಕಡೆಯೆಲ್ಲ ಒಂದೇ ಅಭಿಪ್ರಾಯ ಇರಲ್ಲ. 1947ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಶುರುವಾದ ಲೂಥರನ್ ವರ್ಲ್ಡ್ ಫೆಡರೇಶನ್ನಿನಲ್ಲಿ ಬಹಳ ಸಭೆಗಳಿವೆ, ಅದರ ಹೊರಗಿರೋ ಸಂಪ್ರದಾಯಸ್ಥ ಸಭೆಗಳೂ ಇವೆ, ಮಹಿಳೆಯರು ಪಾಸ್ಟರ್ ಆಗ್ಬಹುದಾ ಅನ್ನೋದ್ರಲ್ಲೇ ಭಿನ್ನ ನಿಲುವು ಇದೆ. ನೀವು ಹೋಗೋ ಸಭೆ ಯಾವ ಕಡೆ ಅಂತ ಕ್ಲಾಸ್ ಶುರುವಾಗೋ ಮುಂಚೆನೇ ಪಾಸ್ಟರನ್ನ ಕೇಳಿ, ಮತ್ತೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಎಲ್ಲಿದೆ ಅಂತ ಈಗಲೇ ಹುಡುಕಿಟ್ಕೊಳ್ಳಿ.