ಐದು ಹಾಡು ಆರಿಸೋಕೆ ಇಡೀ ವಾರ ಬೇಕಾ?

ನಮ್ಮ ಚರ್ಚಿನಲ್ಲಿ ಹಾಡು ಆರಿಸಿ ಹಾಡಿಸುವವನು ನಾನು. ಮದುವೆ ಮನೆ, ಬಸ್ ಸ್ಟ್ಯಾಂಡು, ಶಾಲೆಯ ಸ್ಟಾಫ್ ರೂಮು, ಎಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವುದು ಇದನ್ನೇ. "ಆದಿತ್ಯವಾರದ ಆರಾಧನೆಗೆ ಬೇಕಾಗಿರೋದು ಐದು ಹಾಡು. ಪುಸ್ತಕದಲ್ಲಿ ನೂರಾರು ಉಂಟು. ಆರಿಸೋಕೆ ನಿಮಗೆ ಇಡೀ ವಾರ ಯಾಕೆ?" ಕೇಳುವವರಲ್ಲಿ ನಮ್ಮ ಸಭೆಯವರೂ ಇದ್ದಾರೆ, ಚರ್ಚಿನ ಮೆಟ್ಟಿಲು ಹತ್ತದ ಸ್ನೇಹಿತರೂ ಇದ್ದಾರೆ. ನನ್ನ ಹೆಂಡತಿಯೂ ಇದ್ದಾಳೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಟ್ಟು ಸಾಕಾಗಿದೆ, ಹಾಗಾಗಿ ಪೂರ್ತಿ ಉತ್ತರ ಇಲ್ಲೇ ಬರೆದಿಡುತ್ತೇನೆ.

ನಮ್ಮದು ಕರಾವಳಿಯ ಸಣ್ಣ ಊರಿನ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ ಸಭೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ್ದು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಬಂದು ಮಂಗಳೂರಿನಲ್ಲಿ ಕೆಲಸ ಶುರು ಮಾಡಿದರಲ್ಲ, ಅದರದೇ ಒಂದು ಕೊಂಬೆ ನಾವು. ಮನೆಯಲ್ಲಿ ಹೆಚ್ಚಿನವರು ತುಳು ಮಾತಾಡುತ್ತಾರೆ, ಆರಾಧನೆ ಕನ್ನಡದಲ್ಲಿ, ಹಾಡುಗಳ ಧಾಟಿ ಅರ್ಧಕ್ಕರ್ಧ ಜರ್ಮನಿಯದ್ದು. ಮಾಡಿನ ಹೆಂಚೂ ಅವರದ್ದೇ ಬಿಡಿ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದವರು ಅವರೇ ತಾನೆ. ಜೂನ್, ಜುಲೈ ಮಳೆಗೆ ಆ ಹೆಂಚಿನ ಕೆಳಗೆ ನಿಂತು ಮೆಲ್ಲಗಿನ ಹಾಡು ಹಾಡಿಸಿ ನೋಡಿ, ಪಕ್ಕದವರ ದನಿಯೂ ಕೇಳುವುದಿಲ್ಲ. ಹಾಗಾಗಿ ಹಾಡು ಆರಿಸುವಾಗ ನಾನು ಹವಾಮಾನ ವರದಿಯನ್ನೂ ನೋಡುತ್ತೇನೆ. ತಮಾಷೆ ಅಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಐದು ಹಾಡನ್ನು ಹಾಡಬೇಕಾದವರು ಬೆಂಚಿನಲ್ಲಿ ಕೂತ ಜನ. ನಾನು ಹಾಡುವುದಾದರೆ ಐದು ನಿಮಿಷ ಸಾಕು, ನನಗೆ ಇಷ್ಟವಾದದ್ದನ್ನು, ನನ್ನ ಶ್ರುತಿಗೆ ಒಗ್ಗುವುದನ್ನು ಬರೆದುಕೊಟ್ಟು ನೆಮ್ಮದಿಯಾಗಿ ಮಲಗಬಹುದು. 1524ರಲ್ಲಿ ಜರ್ಮನಿಯಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರನ ಹಾಡುಗಳಿದ್ದ ಮೊದಲ ಪುಸ್ತಕ ಅಚ್ಚಾಯಿತು. ಅದರಲ್ಲಿ ಇದ್ದದ್ದು ಎಂಟೇ ಹಾಡು. ಅಲ್ಲಿಯವರೆಗೆ ಆರಾಧನೆಯ ಹಾಡು ಬಹುಮಟ್ಟಿಗೆ ಲ್ಯಾಟಿನ್‌ನಲ್ಲಿ, ಪಾದ್ರಿಗಳದ್ದು ಮತ್ತು ಗಾಯಕರದ್ದು. ಜನ ಕೇಳುವವರು. ಆ ಎಂಟು ಹಾಡಿನ ಪುಸ್ತಕದಿಂದ ಮುಂದೆ ನಡೆದದ್ದು ಇಷ್ಟೇ, ಅಕ್ಕಸಾಲಿಗ, ಬಡಗಿ, ಅಡುಗೆಯವಳು ಎಲ್ಲರೂ ತಮ್ಮ ಭಾಷೆಯಲ್ಲಿ ಬಾಯಿಬಿಟ್ಟು ಹಾಡತೊಡಗಿದರು. ನಾವು ಆ ದಾರಿಯಲ್ಲಿ ಬಂದವರು. ಈಗ ಸ್ಪೀಕರ್ ಜೋರು ಮಾಡಿ, ಮುಂದೆ ನಿಂತ ನಾಲ್ಕು ಜನ ಹಾಡಿ, ಉಳಿದವರು ಮೊಬೈಲಿನಲ್ಲಿ ವೀಡಿಯೊ ಮಾಡುತ್ತಾ ನಿಂತರೆ ನಾವು ಐನೂರು ವರ್ಷ ಹಿಂದಕ್ಕೆ ಹೋದ ಹಾಗೆ ಅಲ್ವಾ?

ಸರಿ, ವಾರದ ಕೆಲಸಕ್ಕೆ ಬರೋಣ. ಸಿಎಸ್‌ಐನವರ ಅಲ್ಮನಾಕ್‌ನಲ್ಲಿ, ಅಂದರೆ ವರ್ಷದ ಪಂಚಾಂಗದಲ್ಲಿ, ಪ್ರತಿ ಆದಿತ್ಯವಾರಕ್ಕೂ ಒಂದು ವಿಷಯ, ಅದಕ್ಕೆ ಸರಿಯಾಗಿ ಬೈಬಲಿನ ಪಾಠಗಳು ಇರುತ್ತವೆ. ಸೋಮವಾರ ಅದನ್ನು ತೆಗೆದು ಓದುತ್ತೇನೆ. ಆಮೇಲೆ ಅಯ್ಯನವರಿಗೆ, ಅಂದರೆ ನಮ್ಮ ಪಾದ್ರಿಗೆ, ಫೋನ್ ಮಾಡಿ, ಪ್ರಸಂಗ ಯಾವ ವಚನದ ಮೇಲೆ ಅಂತ ಕೇಳುತ್ತೇನೆ. ಅವರು "ನೋಡುವ, ಹೇಳ್ತೇನೆ" ಅನ್ನುತ್ತಾರೆ. ಆ "ನೋಡುವ" ಕೆಲವು ಸಲ ಶನಿವಾರ ರಾತ್ರಿಯವರೆಗೆ ಎಳೆಯುತ್ತದೆ. ನಾನು ಯಾವ ಅಯ್ಯನವರ ಬಗ್ಗೆಯೂ ದೂರು ಹೇಳುತ್ತಿಲ್ಲ, ಎಲ್ಲ ಊರಲ್ಲೂ ಇದೇ ಕತೆ.

ಐದು ಹಾಡಿಗೂ ಒಂದೊಂದು ಕೆಲಸ ಉಂಟು. ಮೊದಲನೆಯದು ಜನರನ್ನು ಎಬ್ಬಿಸಿ ನಿಲ್ಲಿಸುವ ಹಾಡು, ಅದು ಎಲ್ಲರಿಗೂ ಗೊತ್ತಿರಲೇಬೇಕು. ಆಗ ಇನ್ನೂ ಅರ್ಧ ಜನ ಹೊರಗೆ ಚಪ್ಪಲಿ ಬಿಡುತ್ತಿರುತ್ತಾರೆ. ಪಾಠಗಳ ನಡುವಿನದ್ದು ಸಣ್ಣದಿರಬೇಕು. ಪ್ರಸಂಗದ ನಂತರದ್ದೇ ಕಷ್ಟ, ಅಯ್ಯನವರು ಎಲ್ಲಿ ಮುಗಿಸುತ್ತಾರೋ ಅಲ್ಲಿಂದ ಎತ್ತಿಕೊಳ್ಳಬೇಕು. ಅವರು ಕಣ್ಣೀರು ಬರುವ ಹಾಗೆ ಮುಗಿಸಿದಾಗ ನಾನು ಚಪ್ಪಾಳೆ ಹಾಡು ಶುರು ಮಾಡಿದರೆ ಎಲ್ಲ ಹಾಳು. ಕಾಣಿಕೆಯ ಹಾಡು ಎಳೆದರೆ ಉದ್ದ, ಬಿಟ್ಟರೆ ಗಿಡ್ಡ ಆಗುವಂಥದ್ದಾಗಿರಬೇಕು, ಯಾಕೆಂದರೆ ಚೀಲ ಹಿಡಿದವರು ಯಾವಾಗ ಹಿಂದಿನ ಸಾಲು ಮುಟ್ಟುತ್ತಾರೆ ಅಂತ ಹೇಳೋಕಾಗಲ್ಲ. ಕೊನೆಯದು ಸುಲಭ. ಮನೆಗೆ ಹೋಗುವ ಖುಷಿಯಲ್ಲಿ ಎಲ್ಲರೂ ಹಾಡುತ್ತಾರೆ.

ವರ್ಷದ ಕಾಲವನ್ನೂ ನೋಡಬೇಕು. ಈಸ್ಟರಿಗೆ ಮುಂಚಿನ ನಲವತ್ತು ದಿನ ಕಥೋಲಿಕರು ಅಲ್ಲೆಲೂಯ ಹಾಡುವುದೇ ಇಲ್ಲ. ನಮ್ಮಲ್ಲಿ ಅಷ್ಟು ಬಿಗಿ ಇಲ್ಲ, ಆದರೂ ನಾನು ಆ ದಿನಗಳಲ್ಲಿ ಕುಣಿಸುವ ಹಾಡು ಕೊಡುವುದಿಲ್ಲ. ಯುವಜನರಿಗೆ ಇದು ಬೇಜಾರು. ಇರಲಿ, ಈಸ್ಟರ್ ಬೆಳಗ್ಗೆ ಡ್ರಮ್ ಬಾರಿಸುವಾಗ ಅವರಿಗೇ ಅದರ ರುಚಿ ಗೊತ್ತಾಗುತ್ತದೆ.

ಈಗ ಜಾಸ್ತಿ ಹೊತ್ತು ತಿನ್ನುವ ಕೆಲಸ. ವಿಷಯಕ್ಕೆ ಸರಿಯಾದ ಹಾಡು ಪುಸ್ತಕದಲ್ಲಿ ಇರುತ್ತದೆ, ಆದರೆ ಅದರ ಧಾಟಿ ಸಭೆಗೆ ಗೊತ್ತಿರುವುದಿಲ್ಲ. ಆಗೊಂದು ಉಪಾಯ ಉಂಟು. ಪಾಶ್ಚಾತ್ಯ ಧಾಟಿಯ ಗೀತೆಗಳಿಗೆಲ್ಲ ಅಕ್ಷರದ ಲೆಕ್ಕ ಇದೆ. ಸಾಲುಗಳು 8, 6, 8, 6 ಆದರೆ ಕಾಮನ್ ಮೀಟರ್, ನಾಲ್ಕೂ ಸಾಲು 8 ಆದರೆ ಲಾಂಗ್ ಮೀಟರ್. ಲೆಕ್ಕ ಒಂದೇ ಆದರೆ ಈ ಹಾಡಿನ ಮಾತನ್ನು ಆ ಹಾಡಿನ ಧಾಟಿಗೆ ಕೂರಿಸಬಹುದು. ಓಲ್ಡ್ ಹಂಡ್ರೆಡ್ತ್ ಅನ್ನುವ ಧಾಟಿ 1551ರ ಜಿನೀವಾದ ಕೀರ್ತನೆ ಪುಸ್ತಕದ್ದು, ಲಾಂಗ್ ಮೀಟರ್. ನಮ್ಮ ಅಜ್ಜಿಯಂದಿರು ಅದನ್ನು ನಿದ್ದೆಯಲ್ಲೂ ಹಾಡುತ್ತಾರೆ. ಗೊತ್ತಿಲ್ಲದ ಮಾತನ್ನು ಅದಕ್ಕೆ ಹಾಕಿದರೆ ಒಂದೇ ಚರಣದಲ್ಲಿ ಸಭೆ ಹಿಡಿದುಬಿಡುತ್ತದೆ.

ಆದರೆ ಇಲ್ಲೊಂದು ಸಿಕ್ಕು. ಆ ಧಾಟಿಗಳು ಜರ್ಮನ್, ಫ್ರೆಂಚ್, ಇಂಗ್ಲಿಷ್ ಮಾತಿನ ಒತ್ತಿಗೆ ಹೊಂದಿದಂಥವು. ಕನ್ನಡ ನಡೆಯುವುದು ಹ್ರಸ್ವ ದೀರ್ಘದ ಮೇಲೆ. ಪೆಟ್ಟು ಬೀಳುವ ಜಾಗಕ್ಕೆ ಹ್ರಸ್ವ ಬಂದರೆ ಜನ ಅದನ್ನು ಎಳೆಯುತ್ತಾರೆ, "ಮನ" ಹೋಗಿ "ಮಾನ" ಆಗುತ್ತದೆ. ಒಂದನೇ ಚರಣ ಚೆನ್ನಾಗಿ ಕೂತಿದ್ದು ಮೂರನೆಯದು ಕುಂಟುವುದೂ ಉಂಟು. ಹಾಗಾಗಿ ಎಲ್ಲ ಚರಣವನ್ನೂ ಬಾಯಿಬಿಟ್ಟು ಹಾಡಿಯೇ ನೋಡಬೇಕು, ಸುಮ್ನೆ ಕಣ್ಣಾಡಿಸಿದರೆ ಗೊತ್ತಾಗಲ್ಲ. ಬಾಸೆಲ್ ಮಿಷನ್ನಿನ ಕಿಟೆಲ್ ಅಂದರೆ ಎಲ್ಲರಿಗೂ 1894ರ ಕನ್ನಡ-ಇಂಗ್ಲಿಷ್ ನಿಘಂಟು ನೆನಪಾಗುತ್ತದೆ. ಅದಕ್ಕೂ ಎಷ್ಟೋ ಮೊದಲು, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ನಮ್ಮ ಕಡೆಯ ಛಂದಸ್ಸಿನಲ್ಲೇ 'ಕಥಾಮಾಲೆ' ಅಂತ ಬರೆದಿದ್ದರು. ಆ ಜರ್ಮನ್ನನ ಕಿವಿಗೆ ಕನ್ನಡದ ನಡೆ ಗೊತ್ತಾಗಿತ್ತು. ಇವತ್ತು ಇಂಗ್ಲಿಷಿನಿಂದಲೋ ತೆಲುಗಿನಿಂದಲೋ ಹಾಡು ತಂದು ಕನ್ನಡಕ್ಕೆ ತುರುಕುವ ನಮ್ಮವರಲ್ಲಿ ಕೆಲವರಿಗೆ ಅದು ಗೊತ್ತಾಗುವುದಿಲ್ಲ ಅನ್ನುವುದು ನನ್ನ ಸಂಕಟ.

ಹೊಸ ಹಾಡು ಬೇಡ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುತ್ತೇನೆ ಅಂತ ಸುದ್ದಿ ಹಬ್ಬಿದೆ ಅಷ್ಟೇ. ನನ್ನ ಪರೀಕ್ಷೆ ಒಂದೇ. ಕೀಬೋರ್ಡು, ಗಿಟಾರು, ಡ್ರಮ್ಮು ಎಲ್ಲ ನಿಲ್ಲಿಸಿ, ಕರೆಂಟ್ ಹೋದಾಗಲೂ ಪಲ್ಲವಿ ಹಾಡೋಕೆ ಬರುತ್ತದಾ? ಬಂದರೆ ಒಳ್ಳೆ ಹಾಡು. ವಾದ್ಯ ತೆಗೆದ ಕೂಡಲೇ ಉಸಿರು ಕಟ್ಟಿದರೆ ಅದು ಸ್ಟುಡಿಯೊದ ಹಾಡು, ಸಭೆಯದ್ದಲ್ಲ. ಹೊಸದನ್ನು ಮೊದಲು ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸುತ್ತೇನೆ. ಅವರು ಮನೆಯಲ್ಲಿ ಹಾಡಿ ಹಾಡಿ ಅಪ್ಪ ಅಮ್ಮನ ತಲೆಗೆ ಹತ್ತಿಸುತ್ತಾರೆ. ಆಮೇಲೆ ಆದಿತ್ಯವಾರಕ್ಕೆ ತಂದರೆ ಯಾರೂ ಹೊಸದು ಅನ್ನುವುದಿಲ್ಲ.

ಶ್ರುತಿಯ ಬಗ್ಗೆ ಹೇಳದಿದ್ದರೆ ನಮ್ಮ ಕೀಬೋರ್ಡಿನ ಹುಡುಗ ಸಿಟ್ಟಾಗುತ್ತಾನೆ. ಯೂಟ್ಯೂಬಿನಲ್ಲಿ ಹಾಡುವವರು ತಮ್ಮ ಕಂಠದ ತುದಿಯಲ್ಲಿ ಹಾಡುತ್ತಾರೆ, ಕೇಳೋಕೆ ಚೆಂದ. ಅದೇ ಶ್ರುತಿಯಲ್ಲಿ ಬೆಳಗ್ಗೆ ಎಂಟಕ್ಕೆ, ಗಂಟಲು ಇನ್ನೂ ತೆರೆಯದ ಜನರನ್ನು ಹಾಡಿಸಿದರೆ ಗಂಡಸರು ಎರಡನೇ ಸಾಲಿಗೇ ಬಾಯಿ ಮುಚ್ಚುತ್ತಾರೆ. ಹೆಂಗಸರು ಇನ್ನೂ ಸ್ವಲ್ಪ ಹೊತ್ತು ಹೋರಾಡುತ್ತಾರೆ. ಹಾಡಿನ ಮೇಲಿನ ತುದಿ ಡಿ ಸ್ವರ ದಾಟದ ಹಾಗೆ ನೋಡಿಕೊಂಡರೆ ಸಾಮಾನ್ಯ ಜನಕ್ಕೆ ಆರಾಮ. ಕೀಬೋರ್ಡಿನಲ್ಲಿ ಶ್ರುತಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಮುಗಿಯಿತು ಅನ್ನುತ್ತೀರಾ? ಕೆಳಗಿನ ತುದಿಯೂ ಇರುತ್ತದಲ್ಲ! ಇಳಿಸಿದರೆ ಚರಣ ಪಾತಾಳಕ್ಕೆ ಹೋಗುತ್ತದೆ. ಮೇಲೆ ಕೆಳಗೆ ಎರಡೂ ಕೈಗೆಟಕದ ಹಾಡನ್ನು ನಾನು ಪಟ್ಟಿಯಿಂದ ಹೊಡೆದುಹಾಕುತ್ತೇನೆ, ಎಷ್ಟು ಹಿಟ್ ಆಗಿದ್ದರೂ ಸರಿ.

ಪ್ರೊಜೆಕ್ಟರಿನ ಗೋಳು ಬೇರೆ. ಹಳೆ ಫೈಲು ನುಡಿ ಫಾಂಟಿನದ್ದು, ಚರ್ಚಿನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ, ಪರದೆ ತುಂಬ ಗೀಚು. ಎಲ್ಲವನ್ನೂ ಯೂನಿಕೋಡಿಗೆ ಮಾಡಿ, ಒತ್ತಕ್ಷರ ಸರಿ ಇದೆಯಾ ನೋಡಿ ಇಡಬೇಕು. ಇದೂ ವಾರದ ಲೆಕ್ಕದಲ್ಲೇ ಬರುತ್ತದೆ.

ಇಷ್ಟೆಲ್ಲ ಗುರುವಾರಕ್ಕೆ ಮುಗಿದರೂ ಪಟ್ಟಿ ಬದಲಾಗುವುದುಂಟು. ಸಭೆಯಲ್ಲಿ ಒಂದು ಸಾವಾದರೆ ಬದಲಾಗಲೇಬೇಕು. ಆ ಮನೆಯವರು ಆದಿತ್ಯವಾರ ಬಂದು ಬೆಂಚಿನಲ್ಲಿ ಕೂರುತ್ತಾರೆ. ಗುಡ್ಡೆಯಲ್ಲಿ, ಅಂದರೆ ನಮ್ಮ ಸಮಾಧಿಯ ಜಾಗದಲ್ಲಿ, ಹಾಡಿದ ಹಾಡನ್ನೇ ಮತ್ತೆ ಹಾಡಿಸಬೇಕಾ, ಬಿಡಬೇಕಾ? ಪುಸ್ತಕ ನೋಡಿ ಇದನ್ನು ತೀರ್ಮಾನಿಸೋಕಾಗಲ್ಲ. ಕೆಲವರಿಗೆ ಆ ಹಾಡು ಬೇಕು, ಅದನ್ನೇ ಕೇಳಿ ಪಡೆಯುತ್ತಾರೆ. ಕೆಲವರು ಅದರ ಮೊದಲ ಸ್ವರಕ್ಕೇ ಎದ್ದು ಹೊರಗೆ ಹೋಗುತ್ತಾರೆ. ನಾನು ಮನೆಗೆ ಹೋಗಿ ಚಾ ಕುಡಿದು, ಬೇರೆ ಏನೋ ಮಾತಾಡುತ್ತಾ ವಿಚಾರಿಸಿಕೊಂಡು ಬರುತ್ತೇನೆ.

ಗುಡ್ಡೆಯ ಹಾಡೇ ಬೇರೆ. ಅಲ್ಲಿ ಮೈಕಿಲ್ಲ, ಕೀಬೋರ್ಡಿಲ್ಲ, ಪುಸ್ತಕ ತೆರೆಯುವ ಮನಸ್ಸೂ ಯಾರಿಗೂ ಇಲ್ಲ. ಯಾರೋ ಒಬ್ಬರು ಎತ್ತಬೇಕು. ದುಃಖದಲ್ಲಿ ಎತ್ತಿದವರು ಯಾವಾಗಲೂ ಮೇಲೆ ಎತ್ತುತ್ತಾರೆ, ಎರಡನೇ ಚರಣಕ್ಕೆ ಸ್ವರ ಒಡೆಯುತ್ತದೆ. ಹಾಗಾಗಿ ನಾನು ಮುಂದೆ ಹೋಗಿ ನಿಂತು, ಅಂದುಕೊಂಡದ್ದಕ್ಕಿಂತ ಕೆಳಗೆ ಶುರು ಮಾಡುತ್ತೇನೆ. ಮಣ್ಣು ಹಾಕುವವರೂ ಹಾಡುತ್ತಾ ಹಾಕುತ್ತಾರೆ. ಅಲ್ಲಿ ಬಾಯಿಗೆ ಬರುವ ಹಾಡು ಬಾಯಿಪಾಠ ಆಗಿದ್ದು ಎಲ್ಲಿ? ಎಷ್ಟೋ ವರ್ಷಗಳ ಆದಿತ್ಯವಾರಗಳಲ್ಲಿ, ಬೋರು ಹೊಡೆಯುತ್ತದೆ ಅಂತ ಬೈದುಕೊಂಡೇ ಹಾಡಿದ್ದರಿಂದ. ಅದಕ್ಕೇ ಹಳೆಯದನ್ನು ಪೂರ್ತಿ ಬಿಡಲು ನನಗೆ ಧೈರ್ಯ ಬರುವುದಿಲ್ಲ.

ಸಂಬಳ ಎಷ್ಟು ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಇಲ್ಲ. ಕ್ರಿಸ್ಮಸ್ಸಿಗೆ ಕ್ವಾಯರಿನವರಿಗೆಲ್ಲ ಕೇಕ್ ಉಂಟು.

ಸದ್ಯಕ್ಕೆ ತಲೆಬಿಸಿ ಮುಂದಿನ ವಾರದ್ದು. ಬೆಳೆ ಹಬ್ಬ. ಉಳಿದ ಹಾಡುಗಳೆಲ್ಲ ಆಗಿವೆ, ಕಾಣಿಕೆಯದ್ದೊಂದು ಬಾಕಿ. ಅವತ್ತು ಚೀಲ ತಿರುಗಿಸುವುದಿಲ್ಲ, ಜನರೇ ಸಾಲಾಗಿ ಮುಂದೆ ಬರುತ್ತಾರೆ, ಒಬ್ಬರ ಕೈಯಲ್ಲಿ ಬಾಳೆಗೊನೆ, ಒಬ್ಬರ ಕಂಕುಳಲ್ಲಿ ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಹಿಡಿದವರೂ ಇರುತ್ತಾರೆ. ಆರಾಧನೆ ಮುಗಿದ ಮೇಲೆ ಅದೆಲ್ಲ ಏಲಂ. ಸಾಲು ಉದ್ದ, ಪುಸ್ತಕ ಹಿಡಿಯಲು ಯಾರಿಗೂ ಕೈ ಖಾಲಿ ಇಲ್ಲ, ಪರದೆ ನೋಡುತ್ತಾ ನಡೆದರೆ ಮುಂದಿನವರ ಕಾಲು ತುಳಿಯುವುದು ಗ್ಯಾರಂಟಿ. ಬಾಯಿಪಾಠ ಇರುವಂಥದ್ದು, ನಡಿಗೆಗೆ ಹೊಂದುವಂಥದ್ದು, ಡಿ ದಾಟದ್ದು, ಹೋದ ವರ್ಷ ಹಾಡದೇ ಇದ್ದದ್ದು ಬೇಕು. ಗೊತ್ತಿದ್ದರೆ ಶನಿವಾರ ಸಂಜೆಯ ಪ್ರಾಕ್ಟೀಸಿನ ಒಳಗೆ ಹೇಳಿ.